ಹತ್ತುಮೀನಿನ ದಾರಿ

(ಮಂಡ್ಯದಲ್ಲಿ ಕಾಲೇಜು ವಿದ್ಯಾರ್ಥಿಗಳೂ ಸುತ್ತಲಿನ ರೈತರೂ ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ನೆನಪಿದ್ದಷ್ಟನ್ನು ಸೇರಿಸಿದ್ದೇನೆ.)

ನನ್ನ ಊರು ಸಕಲೇಶಪುರದಿಂದ ಆಚೆ, ಹೇಮಾವತಿಗೆ ಸೇರುವ ಒಂದು ಹಳ್ಳದ ದಂಡೆಯಲ್ಲಿದೆ. ಜೂನ್ ಮಳೆ ಹಿಡಿದು ಮೂರು ನಾಲ್ಕು ದಿನ ಬಿಡದೆ ಹೊಡೆದರೆ ಗದ್ದೆಗಳೆಲ್ಲ ತುಂಬಿ, ಬದುವಿನ ಕಂಡಿಯಿಂದ ನೀರು ಒಂದೊಂದೇ ಗದ್ದೆ ಇಳಿದು ಹಳ್ಳಕ್ಕೆ ಧುಮುಕುತ್ತಿತ್ತು. ಅಂಥ ರಾತ್ರಿಗಳಲ್ಲಿ ಚಿಕ್ಕಪ್ಪ ಬಂದು ಕಂಬಳಿ ಎಳೆದು, ‘ಏಳೋ, ಮೀನು ಹತ್ತಿದಾವೆ’ ಅನ್ನುತ್ತಿದ್ದರು. ಟಾರ್ಚ್ ಹಿಡಿದು ಗದ್ದೆಗೆ ಹೋದರೆ ಕಾಣುತ್ತಿದ್ದುದು ಇಷ್ಟು: ನೀರು ಕೆಳಗೆ ಬರುತ್ತಿದೆ, ಮೀನು ಮೇಲಕ್ಕೆ ಹೋಗುತ್ತಿದೆ. ಬೆರಳುದ್ದದವು, ಗೇಣುದ್ದದವು. ಬದುವಿನ ಹುಲ್ಲಿನ ಮೇಲೆ ಎರಡಿಂಚು ನೀರು ಹರಿಯುತ್ತಿದ್ದರೆ ಸಾಕು, ಅರ್ಧ ಮೈ ನೀರಲ್ಲಿ, ಅರ್ಧ ಮೈ ಗಾಳಿಯಲ್ಲಿ ಇಟ್ಟುಕೊಂಡು ಹೊರಳಾಡುತ್ತ ಮೇಲಿನ ಗದ್ದೆಗೆ ಹತ್ತಿಬಿಡುತ್ತಿದ್ದವು. ಮಲೆನಾಡಿನಲ್ಲಿ ಇದಕ್ಕೆ ಹತ್ತುಮೀನು ಅನ್ನುತ್ತಾರೆ. ಕಂಡಿಗೆ ಬಿದಿರಿನ ಕೂಣಿ ಒಡ್ಡಿ ಬಂದು ಮಲಗಿದರೆ ಬೆಳಗಾಗುವುದರೊಳಗೆ ಅದು ತುಂಬಿರುತ್ತಿತ್ತು. ಹೆಣ್ಣು ಮೀನುಗಳ ಹೊಟ್ಟೆ ಬಿರಿಯುವ ಹಾಗಿರುತ್ತಿತ್ತು. ಆ ಮೊಟ್ಟೆಯನ್ನು ಅಮ್ಮ ಬೇರೆಯಾಗಿ ಹುರಿಯುತ್ತಿದ್ದರು. ಪಾಪ ಅನ್ನಿಸುತ್ತಿತ್ತೇ ಎಂದರೆ, ಇಲ್ಲ. ಬಹಳ ರುಚಿಯಾಗಿರುತ್ತಿತ್ತು.

ಆಮೇಲೆ ಪ್ರಾಣಿಶಾಸ್ತ್ರ ಓದಿ, ಅದನ್ನೇ ಪಾಠ ಹೇಳಿ ಹೊಟ್ಟೆ ಹೊರೆದವನು ನಾನು. ಓದಿದ ಮೇಲೆ ಗೊತ್ತಾಗಿದ್ದು, ಆ ಮೀನುಗಳಿಗೆ ನಮ್ಮ ಗದ್ದೆ ಹೆರಿಗೆ ಮನೆಯಾಗಿತ್ತು ಅಂತ. ಹೊಳೆಯ ನೀರು ತಣ್ಣಗೆ, ರಭಸವಾಗಿ ಹರಿಯುತ್ತದೆ. ಅಲ್ಲಿ ಮೊಟ್ಟೆ ನಿಲ್ಲುವುದಿಲ್ಲ, ಮರಿಗೆ ತಿನ್ನಲೂ ಏನೂ ಸಿಗುವುದಿಲ್ಲ. ಗದ್ದೆಯ ನೀರು ಬೆಚ್ಚಗಿರುತ್ತದೆ, ಮೊಣಕಾಲುದ್ದಕ್ಕಿಂತ ಆಳವಿಲ್ಲ, ಕಣ್ಣಿಗೆ ಕಾಣದ ಹುಳುಹುಪ್ಪಟೆ ತುಂಬಿರುತ್ತದೆ. ಅಲ್ಲಿ ಹುಟ್ಟಿದ ಮರಿ ನೀರಿಳಿಯುವ ಹೊತ್ತಿಗೆ ಅದೇ ಕಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ ಹೋಗಬೇಕು. ಹೋಗುವ ದಾರಿ, ಬರುವ ದಾರಿ ಎರಡೂ ತೆರೆದಿದ್ದರೆ ಮಾತ್ರ ಮುಂದಿನ ವರ್ಷ ಚಿಕ್ಕಪ್ಪ ಕಂಬಳಿ ಎಳೆಯಬಹುದು.

ವಿಜ್ಞಾನಿಗಳು ಇದನ್ನು ಕನೆಕ್ಟಿವಿಟಿ ಅನ್ನುತ್ತಾರೆ. ಕನ್ನಡದಲ್ಲಿ ‘ಪರಿಸರ ಸಂಪರ್ಕ’ ಅಂದರೆ ಯಾವುದೋ ಮೊಬೈಲ್ ಜಾಹೀರಾತಿನ ಹಾಗೆ ಕೇಳಿಸುತ್ತದೆ. ನಾನು ದಾರಿ ಅಂತಲೇ ಅನ್ನುತ್ತೇನೆ.

ಮಂಡ್ಯದಲ್ಲಿ ನಿಂತು ಕಾವೇರಿ ಅಂದರೆ ಎದುರಿಗಿರುವವರ ತಲೆಯಲ್ಲಿ ಮೊದಲು ಓಡುವುದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರಿನ ಲೆಕ್ಕ. ತಪ್ಪಲ್ಲ, ಅನ್ನದ ಪ್ರಶ್ನೆ ಅದು. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಅಂಕಿಗಳು ಇಲ್ಲಿ ಹಲವರಿಗೆ ಬಾಯಿಪಾಠ: ಒಟ್ಟು 740 ಟಿಎಂಸಿಯಲ್ಲಿ ತಮಿಳುನಾಡಿಗೆ 404.25, ನಮಗೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಕೂಡಿಸಿ ನೋಡಿ, 726 ಬರುತ್ತದೆ. ಉಳಿದ 14 ಎಲ್ಲಿ ಹೋಯಿತು? ಪರಿಸರ ರಕ್ಷಣೆಗೆ 10, ಏನು ಮಾಡಿದರೂ ತಡೆಯಲಾಗದೆ ಸಮುದ್ರಕ್ಕೆ ಹೋಗಿಬಿಡುವ ನೀರೆಂದು 4. ನದಿಗೆ ತನ್ನ ನೀರಿನಲ್ಲೇ ಸಿಕ್ಕ ಪಾಲು ನೂರಕ್ಕೆ ಒಂದೂವರೆಗೂ ಕಡಿಮೆ. ಇದನ್ನು ಹೇಳಿದ ಕೂಡಲೇ ‘ನದಿಗೆ ಇನ್ನೂ ನೀರು ಕೊಡಿ ಅಂತೀರಿ, ಹೌದಲ್ಲ’ ಎಂದು ಕೆಲವರ ಮುಖ ಗಂಟಿಕ್ಕುತ್ತದೆ. ತಡೆಯಿರಿ. ನಾನು ಹೇಳಲು ಬಂದಿರುವುದು ನೀರಿನ ಪ್ರಮಾಣದ ಮಾತಲ್ಲ. ನೀರನ್ನು ಪಾಲು ಮಾಡಿಕೊಂಡವರಿಗೆ ಅದು ದಾರಿಯೂ ಆಗಿತ್ತು ಅನ್ನುವುದು ಮರೆತುಹೋಯಿತು. ಆ ಮರೆವಿನ ಬಗ್ಗೆ ಮಾತಾಡಲು ಬಂದಿದ್ದೇನೆ.

ಅಮೆರಿಕದ ಜೇಮ್ಸ್ ವಾರ್ಡ್ ಎಂಬ ನದಿ ವಿಜ್ಞಾನಿ 1989ರಲ್ಲಿ ಒಂದು ಸರಳ ಮಾತು ಹೇಳಿದರು. ನದಿಗೆ ನಾಲ್ಕು ದಿಕ್ಕಿನ ದಾರಿಗಳಿವೆ. ಮೇಲಿಂದ ಕೆಳಕ್ಕೆ, ಅಂದರೆ ತಲಕಾವೇರಿಯಿಂದ ಕಡಲಿಗೆ ಮತ್ತು ಕಡಲಿಂದ ವಾಪಸ್. ಪಕ್ಕಕ್ಕೆ, ಹೊಳೆಯಿಂದ ಗದ್ದೆ, ಕೆರೆ, ತಗ್ಗಿಗೆ. ನಮ್ಮ ಹತ್ತುಮೀನಿನ ದಾರಿ ಅದು. ಆಳಕ್ಕೆ, ಮರಳಿನ ಮೂಲಕ ಅಂತರ್ಜಲಕ್ಕೆ. ನಾಲ್ಕನೆಯದು ಕಾಲ: ಯಾವ ನೀರು ಯಾವಾಗ ಬರುತ್ತದೆ ಅನ್ನುವುದು. ಆಳದ ದಾರಿಯನ್ನು ನಿಮಗೆ ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಒಣಗಿದ ಹೊಳೆಯ ಮರಳನ್ನು ಮೊಳದುದ್ದ ತೋಡಿದರೆ ತಿಳಿನೀರು ಜಿನುಗುವ ಒರತೆಯನ್ನು ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಹೊಳೆ ನಿಂತ ಮೇಲೂ ಒಳಗೊಳಗೇ ನಡೆಯುತ್ತಿತ್ತು. ಮರಳನ್ನು ಲಾರಿಗೆ ತುಂಬಿ ಕಳಿಸಿದ ಮೇಲೆ ಆ ಒಳನಡಿಗೆಯೂ ನಿಂತಿತು. ಅದು ನಿಮಗೆ ಗೊತ್ತಿರುವ ಕಥೆ, ಬಿಡಿ. ಉಳಿದವಕ್ಕೆ ಬರೋಣ.

ಕರೆಯೋಲೆ ಬರಲಿಲ್ಲ

ಬಂಗಾಳಿಗಳು ಪ್ರಾಣ ಬಿಡುವ ಇಲಿಶ್ ಮೀನಿನ ಹೆಸರು ಕೇಳಿರುತ್ತೀರಿ. ಹಿಲ್ಸಾ ಅಂತಲೂ ಅನ್ನುತ್ತಾರೆ. ಗೋದಾವರಿಯಲ್ಲಿ ತೆಲುಗರು ಅದನ್ನೇ ಪುಲಸ ಅನ್ನುತ್ತಾರೆ, ತಮಿಳರು ಉಳ್ಳಂ ಅನ್ನುತ್ತಾರೆ. ತಮಿಳಿನಲ್ಲಿ ಹೆಸರಿದೆ ಅಂದಮೇಲೆ ಮೀನೂ ಇತ್ತು ಅಂತ ತಾನೆ? ಹೌದು, ಕಾವೇರಿಯಲ್ಲಿ ಅದು ಇತ್ತು. ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಸಿಹಿನೀರಿಗೆ ಏರಿ ಬರುವ ಮೀನು ಅದು. ನೈಋತ್ಯ ಮುಂಗಾರು ಕೊಡಗಿನಲ್ಲಿ, ಹಾಸನದ ಘಟ್ಟದಲ್ಲಿ ಬಿದ್ದು, ಆ ಕೆಂಪು ಹೊಸನೀರು ಇನ್ನೂ ಮಳೆ ಕಾಣದ ತಂಜಾವೂರಿನ ಬಯಲನ್ನು ದಾಟಿ ಕೊಳ್ಳಿಡಂ ಕವಲಿನ ಮೂಲಕ ಕಡಲಿಗೆ ಬೀಳುತ್ತಿತ್ತು. ಆ ಕೆನ್ನೀರು ಬಾಯಿಗೆ ಬಂದಾಗ ಉಳ್ಳಂ ಹಿಂಡು ಹಿಂಡಾಗಿ ಒಳಗೆ ನುಗ್ಗುತ್ತಿತ್ತು. ಅಂದರೆ ಭಾಗಮಂಡಲದಲ್ಲಿ ಬಿದ್ದ ಮಳೆ ಬಂಗಾಳಕೊಲ್ಲಿಯ ಮೀನನ್ನು ಕರೆಯುತ್ತಿತ್ತು.

ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ 1836ರಲ್ಲಿ ಕೊಳ್ಳಿಡಂಗೆ ಅಡ್ಡಲಾಗಿ ಒಡ್ಡು ಕಟ್ಟಿದ. ತಂಜಾವೂರಿನ ರೈತರು ಇವತ್ತಿಗೂ ಅವನನ್ನು ನೆನೆಯುತ್ತಾರೆ. ಮೀನಿನ ಕಡೆಯಿಂದ ಯೋಚಿಸಿದವರು ಕಡಿಮೆ, ಆದರೆ ಇರಲೇ ಇಲ್ಲ ಅನ್ನುವ ಹಾಗಿಲ್ಲ. ಮೀನುಗಳ ಮೇಲೆ ಆಯುಷ್ಯ ಕಳೆದ ವೈದ್ಯ ಫ್ರಾನ್ಸಿಸ್ ಡೇ 1873ರ ತನ್ನ ವರದಿಯಲ್ಲೇ, ಒಡ್ಡುಗಳು ಮೀನಿನ ಓಡಾಟ ತಡೆಯುತ್ತಿವೆ, ದಾರಿ ಬಿಡಬೇಕು ಎಂದು ವಾದಿಸಿದ. ಆಮೇಲೆ ಒಡ್ಡಿನಲ್ಲಿ ಮೀನಿಗೆ ಮೆಟ್ಟಿಲು ಕಟ್ಟಿಯೂ ನೋಡಿದರು. ಅದರಿಂದ ಹೆಚ್ಚು ಫಲ ಸಿಗಲಿಲ್ಲ. ಮೆಟ್ಟಿಲಿನ ಕಲ್ಪನೆ ಬಂದಿದ್ದು ಸಾಲ್ಮನ್ ಮೀನಿನ ದೇಶಗಳಿಂದ. ಸಾಲ್ಮನ್ ನೆಗೆಯುವ ಮೀನು, ಉಳ್ಳಂ ನೆಗೆಯುವ ಜಾತಿಯದಲ್ಲ. ಅಳತೆ ತೆಗೆಯದೆ ಹೊಲಿದ ಅಂಗಿ ಅದು.

ನಿಜವಾದ ಪೆಟ್ಟು ಬಿದ್ದಿದ್ದು 1934ರಲ್ಲಿ, ತಮಿಳುನಾಡಿನಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಮೆಟ್ಟೂರು ಅಣೆಕಟ್ಟು ಮುಗಿದಾಗ. ಮದ್ರಾಸಿನ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಬಿ. ಸುಂದರರಾಜ್ 1941ರಲ್ಲಿ ಮೆಟ್ಟೂರಿನಿಂದ ದೇಶ ಕಲಿಯಬೇಕಾದ ಪಾಠಗಳ ಬಗ್ಗೆ ಒಂದು ಪ್ರಬಂಧ ಬರೆದರು. ಸ್ವಾತಂತ್ರ್ಯಕ್ಕೂ ಆರು ವರ್ಷ ಮೊದಲು! ನನಗೆ ಆ ಕಥೆಯಲ್ಲಿ ಮುಖ್ಯ ಅನ್ನಿಸಿದ್ದು ಗೋಡೆಯಲ್ಲ. ಗೋಡೆಗಿಂತ ಬಹಳ ಕೆಳಗೆ, ಕಡಲ ಬಾಯಿಯಲ್ಲೇ ಉಳ್ಳಂ ಬರುವುದು ಕಡಿಮೆಯಾಯಿತು. ಏಕೆಂದರೆ ಜೂನ್–ಜುಲೈನ ಮೊದಲ ಕೆಂಪುನೀರು ಜಲಾಶಯದ ಹೊಟ್ಟೆಗೆ ಹೋಯಿತು, ಕಡಲ ತನಕ ತಲುಪಲಿಲ್ಲ. ಮದುವೆ ಮನೆಯ ಬಾಗಿಲು ಹಾಕಿದ್ದರಿಂದ ನೆಂಟರು ಬರಲಿಲ್ಲ ಅಂದುಕೊಳ್ಳುತ್ತೇವೆ. ಇಲ್ಲಿ ಕರೆಯೋಲೆಯೇ ಹೋಗಿರಲಿಲ್ಲ.

ನಾವು ಇದರಿಂದ ಕಲಿತೆವಾ? 1975ರಲ್ಲಿ ಗಂಗೆಗೆ ಅಡ್ಡಲಾಗಿ ಎರಡು ಕಿಲೋಮೀಟರಿಗೂ ಉದ್ದದ ಫರಕ್ಕಾ ಬ್ಯಾರೇಜು ಬಂತು. ಅದಕ್ಕೆ ಮೊದಲು ಇಲಿಶ್ ಅಲಹಾಬಾದ್ ದಾಟಿ ಆಗ್ರಾದ ತನಕ ಹೋಗುತ್ತಿತ್ತು. ಮೀನು ದಾಟಲಿ ಎಂದು ಅಲ್ಲಿ ಲಾಕುಗಳನ್ನೂ ಕಟ್ಟಿದ್ದರು. ಇವತ್ತು ಅಲಹಾಬಾದಿನಲ್ಲಿ, ಅಂದರೆ ಈಗಿನ ಪ್ರಯಾಗ್‌ರಾಜ್‌ನಲ್ಲಿ, ಇಲಿಶ್ ಬೇಕೆಂದರೆ ಮಂಜುಗಡ್ಡೆಯಲ್ಲಿ ಇಟ್ಟು ರೈಲಿನಲ್ಲಿ ತರಿಸಿಕೊಳ್ಳಬೇಕು.

ದೊಡ್ಡ ಮೀನು ಸಿಕ್ಕಿತೆಂದು ಹಿಗ್ಗಬೇಡಿ

ಈಗ ನಮ್ಮದೇ ಮೀನಿನ ವಿಷಯ. ಕಾವೇರಿ ದಡದವರು ಬಿಳಿಮೀನು ಅನ್ನುವ ಮಹಶೀರ್. ಅದರಲ್ಲೂ ಬೆನ್ನಿನ ಮೇಲೆ ಡುಬ್ಬ ಇರುವ, ಕಿತ್ತಳೆ ಬಣ್ಣದ ರೆಕ್ಕೆಯ ಜಾತಿ ಕಾವೇರಿ ಕಣಿವೆಯಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೈಸೂರಿನಲ್ಲಿ ಸತ್ತ ಹುಲಿ-ಚಿರತೆಗಳಿಗೆ ಜೀವಕಳೆ ತುಂಬಿ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದ ಒಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡ್, ಅಂದರೆ 54 ಕಿಲೋ ತೂಗಿತು. ಇಷ್ಟು ಹೆಸರುವಾಸಿ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ತೀರ್ಮಾನವಾಗಿದ್ದು 2018ರಲ್ಲಿ: ಟಾರ್ ರೆಮಾದೇವಿಯೈ. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ, ಅತ್ಯಂತ ಅಪಾಯದ ವರ್ಗಕ್ಕೆ ಸೇರಿಸಿದರು. ನಾಮಕರಣ, ತಿಥಿಯ ಸಿದ್ಧತೆ ಎರಡೂ ಒಟ್ಟಿಗೆ.

ಅದು ಕಡಿಮೆಯಾಗುತ್ತಿದೆ ಅಂತ ಗೊತ್ತಾದ ಬಗೆ ಕುತೂಹಲದ್ದು. ಶಿವನಸಮುದ್ರದ ಕೆಳಗೆ ಗಾಳಿಬೋರೆಯಲ್ಲಿ ಹಿಂದೆ ಗಾಳ ಹಾಕುವ ಶಿಬಿರಗಳಿದ್ದವು. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಮುಂದಿಟ್ಟುಕೊಂಡು ಸಂಶೋಧಕರು ಲೆಕ್ಕ ಹಾಕಿದಾಗ ಎರಡು ಸಂಗತಿ ಕಂಡವು. ಡುಬ್ಬದ ಮಹಶೀರ್ ಸಿಗುವುದು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತ್ತು. ಆದರೆ ಸಿಕ್ಕ ಮೀನಿನ ತೂಕ ಏರುತ್ತ ಬಂದಿತ್ತು.

ಗಾಳ ಹಾಕುವವನಿಗೆ ಇದಕ್ಕಿಂತ ಖುಷಿ ಉಂಟೇ? ಪ್ರತಿ ವರ್ಷ ಇನ್ನೂ ದೊಡ್ಡ ಮೀನು, ಇನ್ನೂ ದೊಡ್ಡ ಫೋಟೊ. ಆದರೆ ಒಂದು ಹಳ್ಳಿಯ ಶಾಲೆಯ ಹಾಜರಿ ಪುಸ್ತಕ ಮತ್ತು ವೃದ್ಧಾಪ್ಯ ವೇತನದ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಶಾಲೆಯಲ್ಲಿ ಮಕ್ಕಳಿಲ್ಲ, ಪಟ್ಟಿಯಲ್ಲಿ ಅಜ್ಜ-ಅಜ್ಜಿಯರ ಸರಾಸರಿ ವಯಸ್ಸು ಏರುತ್ತಿದೆ. ಊರು ಚೆನ್ನಾಗಿದೆ ಅನ್ನುತ್ತೀರಾ? ಗಾಳಿಬೋರೆಯಲ್ಲಿ ಆಗುತ್ತಿದ್ದುದು ಅದೇ. ಹಳೆಯ ಮೀನು ಬೆಳೆಯುತ್ತಿತ್ತು, ಮರಿ ಬರುತ್ತಿರಲಿಲ್ಲ. ಚೀನಾದ ಯಾಂಗ್ಟ್ಸಿ ನದಿಯಲ್ಲಿ 1981ರಲ್ಲಿ ಗೆಜೌಬಾ ಅಣೆಕಟ್ಟು ಬಂದು ಪ್ಯಾಡಲ್‌ಫಿಶ್ ಎಂಬ ದೈತ್ಯ ಮೀನಿನ ಮೊಟ್ಟೆಯಿಡುವ ದಾರಿ ಮುಚ್ಚಿತು. ಮೀನು ಅವತ್ತೇ ಸಾಯಲಿಲ್ಲ, ದೀರ್ಘಾಯುಷಿ. ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುತ್ತ, ಇದೆ ಇದೆ ಅನ್ನಿಸುತ್ತ, 2003ರಲ್ಲಿ ಕೊನೆಯ ಸಲ ಕಂಡಿತು. 2022ರಲ್ಲಿ ಅಳಿದುಹೋಯಿತೆಂದು ಘೋಷಿಸಿದರು. ದಾರಿ ಮುಚ್ಚಿದ ದಿನಕ್ಕೂ ತಿಥಿಗೂ ನಡುವೆ ನಲವತ್ತು ವರ್ಷ. ಅಷ್ಟು ಹೊತ್ತಿಗೆ ಯಾರ ಮೇಲೆ ದೂರು ಕೊಡುತ್ತೀರಿ?

ನಮ್ಮ ಮಹಶೀರಿಗೆ ಅಣೆಕಟ್ಟೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಸಿಡಿಮದ್ದು ಹಾಕಿ ಹಿಡಿಯುವವರಿದ್ದರು. ಜೊತೆಗೆ, ಒಳ್ಳೆಯದಾಗಲಿ ಎಂದು ಮಾಡಿದ ಕೆಲಸವೂ ಇತ್ತು: 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಇನ್ನೊಂದು ಜಾತಿಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅದೇ ಗಾಳಿಬೋರೆ ಪುಸ್ತಕದಲ್ಲಿ ಆ ನೀಲಿ ರೆಕ್ಕೆಯದು ಹೆಚ್ಚುತ್ತ ಬಂದಿದೆ. ಹೊರಗಿನಿಂದ ಬಂದದ್ದು ಈ ನೀರಿಗೆ ಒಗ್ಗಿಕೊಂಡಿತು, ಮನೆಯದಕ್ಕೆ ಜಾಗ ಇಲ್ಲವಾಯಿತು.

ತಿಂಗಳ ಲೆಕ್ಕ, ಗಂಟೆಯ ಲೆಕ್ಕ

ಬಿಳಿಗುಂಡ್ಲು ಅಳತೆ ಕೇಂದ್ರ ನಿಮಗೆ ಗೊತ್ತು. ಅಲ್ಲಿ ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುತ್ತಾರೆ, ವರ್ಷಕ್ಕೆ 177.25 ಟಿಎಂಸಿ. ತಿಂಗಳುವಾರು ಪಟ್ಟಿಯೂ ಇದೆ: ಆಗಸ್ಟ್‌ನಲ್ಲಿ 45.95, ಫೆಬ್ರುವರಿಯಿಂದ ಮೇ ತನಕ ತಿಂಗಳಿಗೆ ಎರಡೂವರೆ. ಎರಡೂವರೆ ಟಿಎಂಸಿಯನ್ನು ಮೂವತ್ತು ದಿನಕ್ಕೆ ಹಂಚಿದರೆ ಸುಮಾರು 960 ಕ್ಯುಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ. ಕಾಗದದ ಮೇಲೆ ಸಮನಾಗಿ ಹರಿಯುವ ಸಣ್ಣ ಹೊಳೆ ಅದು.

ಹೊಳೆಯಲ್ಲಿ ಹಾಗಿರುವುದಿಲ್ಲ. ಒಂದು ಬೇಸಿಗೆ ಮುತ್ತತ್ತಿಯ ಹತ್ತಿರ ಮರಳ ಮೇಲೆ ಕೂತು, ನೀರಿನ ಅಂಚಿಗೆ ಸರಿಯಾಗಿ ಒಂದು ಬಿಳಿ ಕಲ್ಲು ಇಟ್ಟೆ. ಬುತ್ತಿ ಬಿಚ್ಚಿ ಉಂಡು, ಮರದ ನೆರಳಲ್ಲಿ ಒಂದು ನಿದ್ದೆ ತೆಗೆದು ಎದ್ದು ನೋಡಿದರೆ ಕಲ್ಲು ಮುಳುಗಿದೆ. ನೀರು ಎರಡು ಮಾರು ಈಚೆಗೆ ಬಂದಿದೆ. ಮೋಡವಿಲ್ಲ, ಮಳೆಯಿಲ್ಲ. ಸಂಜೆ ಮತ್ತೆ ಇಳಿದು, ಕಲ್ಲು ಒಣ ಮರಳಲ್ಲಿ ಕೂತಿತ್ತು. ಮೇಲೆ ಎಲ್ಲೋ ಗೇಟು ತೆಗೆದರು, ಟರ್ಬೈನ್ ತಿರುಗಿತು, ನಿಂತಿತು. ಹರಿಗೋಲಿನವನಿಗೆ ಇದು ದಿನನಿತ್ಯದ್ದು, ‘ಕರೆಂಟು ಬೇಕಲ್ಲ ಸಾರ್’ ಅಂದ. ಆ ಎರಡು ಮಾರಿನ ಪಟ್ಟಿಯಲ್ಲಿ ಜಲ್ಲಿಯ ನಡುವೆ ಯಾವುದೋ ಮೀನು ಮೊಟ್ಟೆಯಿಟ್ಟಿದ್ದರೆ? ಬೆಳಿಗ್ಗೆ ನೀರು, ಸಂಜೆ ಬಿಸಿಲು. ತಿಂಗಳ ಪಟ್ಟಿಯಲ್ಲಿ ಒಂದು ಹನಿ ವ್ಯತ್ಯಾಸವಾಗದೆ, ಎರಡೂ ರಾಜ್ಯಗಳ ಎಂಜಿನಿಯರುಗಳು ಸರಿ ಎಂದು ರುಜು ಹಾಕಿದ ಮೇಲೂ ಒಂದು ತಲೆಮಾರಿನ ಮೀನು ಒಣಗಿಹೋಗಬಹುದು. ಇದನ್ನು ಸರಿಪಡಿಸಲು ಹೆಚ್ಚುವರಿ ಟಿಎಂಸಿ ಬೇಕಿಲ್ಲ. ಗೇಟನ್ನು ಇನ್ನಷ್ಟು ನಿಧಾನವಾಗಿ ತೆಗೆದು ನಿಧಾನವಾಗಿ ಹಾಕಬೇಕು.

ಗೋಡೆಯೇ ಇಲ್ಲದೆ ದಾರಿ ಮುಚ್ಚುವುದೂ ಉಂಟು. ಕನಕಪುರದ ಸಂಗಮದಲ್ಲಿ ಅರ್ಕಾವತಿ ಕಾವೇರಿಗೆ ಸೇರುತ್ತದೆ. ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆ ಹೊತ್ತು ಬರುವ ಆ ನೀರಿನಲ್ಲಿ, ಮೊಟ್ಟೆಯಿಡಲು ಉಪನದಿ ಹುಡುಕಿಕೊಂಡು ಹೊರಟ ಮಹಶೀರ್ ತಲೆ ಹಾಕೀತೇ?

ಎಲ್ಲ ಗೋಡೆಯೂ ಒಂದೇ ಅಲ್ಲ

ಇಲ್ಲಿ ಒಂದು ತಕರಾರನ್ನು ನಾನೇ ಎತ್ತುತ್ತೇನೆ. ಕಟ್ಟೆ ಅಂದರೆಲ್ಲ ಕೆಟ್ಟದ್ದೇ? ನಿಮ್ಮ ಪಕ್ಕದ ರಂಗನತಿಟ್ಟು ನೋಡಿ. 17ನೇ ಶತಮಾನದಲ್ಲಿ ಮೈಸೂರು ಅರಸರು ಕಟ್ಟಿಸಿದ ಒಡ್ಡಿನಿಂದಲೇ ಆ ನಡುಗಡ್ಡೆಗಳಾದವು. ಕೊಕ್ಕರೆಗಳು ಬಂದು ಕೂತವು. ಪಕ್ಷಿತಜ್ಞ ಸಲೀಂ ಅಲಿ ಹೇಳಿ, 1940ರಲ್ಲಿ ಪಕ್ಷಿಧಾಮವಾಯಿತು. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆ ಇನ್ನೂ ಹಳೆಯದು. ಈ ಹಳೆಯ ಅಣೆಗಳೆಲ್ಲ ತಗ್ಗಿನವು, ಕಲ್ಲು ಪೇರಿಸಿ ಇಳಿಜಾರಾಗಿ ಕಟ್ಟಿದವು. ಬೇಸಿಗೆಯಲ್ಲಿ ನೀರನ್ನು ನಾಲೆಗೆ ತಿರುಗಿಸುತ್ತವೆ, ಆಷಾಢದ ಪ್ರವಾಹದಲ್ಲಿ ತಾವೇ ಮುಳುಗುತ್ತವೆ. ಮೀನು ಪಯಣ ಹೊರಡುವುದೂ ಆಗಲೇ. ಕನ್ನಂಬಾಡಿ ಕಟ್ಟೆ 130 ಅಡಿ, ಅದು ಮುಳುಗುವುದಿಲ್ಲ. ‘ಅಣೆ’ ಮತ್ತು ‘ಅಣೆಕಟ್ಟು’ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿ ನಾವು ಒಂದು ಒಳ್ಳೆಯ ವ್ಯತ್ಯಾಸವನ್ನು ಕಳೆದುಕೊಂಡಿದ್ದೇವೆ.

ಇನ್ನು ಶಿವನಸಮುದ್ರದ ಜಲಪಾತ. ಅದು ಪ್ರಕೃತಿಯೇ ಕಟ್ಟಿದ ಗೋಡೆ. ಕೆಳಗಿನ ಮೀನು ಮೇಲಕ್ಕೆ ಹತ್ತದ ಹಾಗೆ ಸಾವಿರಾರು ವರ್ಷ ಕಾದುಕೊಂಡು ಬಂದಿದೆ. ಹಾಗಾಗಿ ಎಲ್ಲವನ್ನೂ ಎಲ್ಲದಕ್ಕೂ ಜೋಡಿಸಿದರೆ ದಾರಿಯಾಯಿತು ಅಂದುಕೊಳ್ಳಬಾರದು. ಗೋದಾವರಿಯನ್ನು ಕೃಷ್ಣೆಗೆ, ಕೃಷ್ಣೆಯನ್ನು ಕಾವೇರಿಗೆ ಜೋಡಿಸುವ ನಕ್ಷೆಗಳು ಆಗಾಗ ಹೊರಬರುತ್ತವೆ. ಒಂದೇ ನದಿಯ ತಲೆಯನ್ನೂ ಕಾಲನ್ನೂ ಬೇರೆ ಮಾಡಿ, ಬೇರೆ ಬೇರೆ ನದಿಗಳಿಗೆ ಮದುವೆ ಮಾಡಿಸುವುದು ನನಗೆ ಅರ್ಥವಾಗದ ಸಂಬಂಧ. ನೀರಿನ ಜೊತೆ ಆಫ್ರಿಕದ ಕ್ಯಾಟ್‌ಫಿಶ್, ತಿಲಾಪಿಯಾ ಕೂಡ ಕಾಲುವೆ ಹಿಡಿದು ಬರುತ್ತವೆ. ಅವಕ್ಕೆ ಪಾಸ್‌ಪೋರ್ಟ್ ಕೇಳುವವರಿಲ್ಲ.

ಮುಂದಿನ ಮಾತಿಗೆ ಇಲ್ಲಿ ಚಪ್ಪಾಳೆ ಬೀಳುವುದಿಲ್ಲ ಅಂತ ಗೊತ್ತು. ಶಿವನಸಮುದ್ರದಿಂದ ಮೆಟ್ಟೂರಿನ ಹಿನ್ನೀರಿನ ತನಕ ಮುಖ್ಯ ಕಾವೇರಿಗೆ ದೊಡ್ಡ ಅಣೆಕಟ್ಟಿಲ್ಲ. ಕಾಡಿನ ನಡುವೆ ಬಂಡೆ, ಮಡು, ಮರಳು ದಿಬ್ಬ; ನೀರುನಾಯಿ, ಮೊಸಳೆ, ಉಳಿದಿರುವ ಡುಬ್ಬದ ಮಹಶೀರ್. ಮೇಕೆದಾಟಿನ 67 ಟಿಎಂಸಿ ಜಲಾಶಯದ ಪ್ರಸ್ತಾವ ಇರುವುದು ಇದೇ ಹರಿವಿನ ಮೇಲೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ಒಪ್ಪುತ್ತೇನೆ. ಆ ಯೋಜನೆಯಲ್ಲಿ ಕುಡಿಯುವ ನೀರಿಗೆಂದು ಹೇಳಿರುವುದು 4.75 ಟಿಎಂಸಿ. ಎರಡು ರಾಜ್ಯಗಳು ಈ ಜಾಗಕ್ಕಾಗಿ ವರ್ಷಗಟ್ಟಲೆ ವಾದ ಮಾಡಿವೆ, ಪಾದಯಾತ್ರೆಯೂ ಆಗಿದೆ. ಕಟ್ಟಿದರೆ ತಮಿಳುನಾಡಿಗೆ ನೀರು ತಪ್ಪುತ್ತದಾ ಅನ್ನುವುದೇ ಎಲ್ಲರ ಪ್ರಶ್ನೆ. ನನ್ನ ಪ್ರಶ್ನೆ ಬೇರೆ. ಕೊಡಗಿನಿಂದ ಕಡಲ ತನಕ ಇಷ್ಟು ಗೋಡೆ ಹಾಕಿದ ಮೇಲೆ ಉಳಿದ ಈ ಒಂದು ತುಂಡನ್ನಾದರೂ ನದಿ ಅನ್ನಲು ಬಿಡುತ್ತೇವಾ? ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಜಗತ್ತಿನ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ. ಸಾವಿರ ಕಿಲೋಮೀಟರಿಗಿಂತ ಉದ್ದದ ನದಿಗಳಲ್ಲಿ ತುದಿಯಿಂದ ತುದಿಗೆ ಅಡೆತಡೆಯಿಲ್ಲದೆ ಹರಿಯುವವು ನೂರಕ್ಕೆ 37 ಮಾತ್ರ ಎಂದು 2019ರ ಒಂದು ಅಧ್ಯಯನ ಲೆಕ್ಕ ಕೊಟ್ಟಿತು. ಅಮೆರಿಕದ ಎಲ್ವಾ ನದಿಯಲ್ಲಿ 1913ರಲ್ಲಿ, 1927ರಲ್ಲಿ ಕಟ್ಟಿದ ಎರಡು ಅಣೆಕಟ್ಟುಗಳನ್ನು 2011ರಿಂದ 2014ರೊಳಗೆ ಒಡೆದು ತೆಗೆದರು. ನೂರು ವರ್ಷ ತಡೆದಿದ್ದ ಹೂಳು ಇಳಿದು ಕಡಲ ಬಾಯಿಯಲ್ಲಿ ಹೊಸ ಮರಳು ದಂಡೆ ಬೆಳೆಯಿತು, ಸಾಲ್ಮನ್ ಮೇಲೇರಿತು. ಅಲ್ಲಿ ಆ ಅಣೆಕಟ್ಟುಗಳ ನೀರನ್ನು ನಂಬಿ ಮಂಡ್ಯದಷ್ಟು ಗದ್ದೆ ಇರಲಿಲ್ಲ ಅನ್ನುವುದನ್ನೂ ಸೇರಿಸಿಯೇ ಹೇಳಬೇಕು.

ಪ್ರಶ್ನೆಗಳು

ಮೊದಲ ಪ್ರಶ್ನೆ ನಾನು ಎದುರು ನೋಡುತ್ತಿದ್ದುದೇ. ಟವೆಲ್ ಹೆಗಲ ಮೇಲೆ ಹಾಕಿಕೊಂಡಿದ್ದ ಹಿರಿಯರೊಬ್ಬರು ಎದ್ದು, ‘ಸಾ, ಅಂಗಾರೆ ಕನ್ನಂಬಾಡಿ ಕಟ್ಟೆ ಒಡೀಬೇಕು ಅಂತೀರಾ?’ ಅಂದರು. ಸಭೆ ನಕ್ಕಿತು, ಅವರು ನಗಲಿಲ್ಲ.

ಇಲ್ಲ ಅಂದೆ. ಆ ಕಟ್ಟೆಯ ಅನ್ನ ನಾನೂ ಉಂಡಿದ್ದೇನೆ, ನನ್ನ ಮಾವನ ಮನೆ ಪಾಂಡವಪುರ. ಕಟ್ಟೆ ಇರಲಿ, ಕಟ್ಟೆಯನ್ನು ನಡೆಸುವ ರೀತಿ ಬದಲಾಗಲಿ. ಜೂನ್‌ನಲ್ಲಿ ಬರುವ ಮೊದಲ ಹೊಸನೀರಿನ ಒಂದೆರಡು ದಿನದ್ದನ್ನು ಹಿಡಿಯದೆ ಹಾಗೇ ಕೆಳಗೆ ಬಿಡಬಹುದು. ಅದು ಬಿಳಿಗುಂಡ್ಲುವಿನ ಲೆಕ್ಕಕ್ಕೇ ಸೇರುತ್ತದೆ, ನಿಮ್ಮ ಪಾಲಿನಿಂದ ಹೋಗುವುದಿಲ್ಲ. ‘ಮಳೆ ಕೈಕೊಟ್ಟ ವರ್ಷ?’ ಅಂದರು. ಆ ವರ್ಷ ಯಾರೂ ಬಿಡುವುದಿಲ್ಲ, ನಾನು ಕೇಳುವುದೂ ಇಲ್ಲ ಅಂದೆ. ಒಪ್ಪಿದರೋ ಇಲ್ಲವೋ, ಕೂತರು.

ಹಾಸನ ಕಡೆಯ ಹುಡುಗಿಯೊಬ್ಬಳು, ‘ಸರ್, ನಿಮ್ಮೂರಲ್ಲಿ ಈಗಲೂ ಮೀನು ಹತ್ತುತ್ತವಾ?’ ಎಂದು ಕೇಳಿದಳು.

ಎರಡು ವರ್ಷದ ಹಿಂದೆ ಜೂನ್‌ನಲ್ಲಿ ಹೋಗಿದ್ದೆ. ಗದ್ದೆ ಅರ್ಧಕ್ಕೆ ಅರ್ಧ ಶುಂಠಿ, ಅಡಿಕೆಯಾಗಿದೆ. ಹಳ್ಳಕ್ಕೆ ಅಡ್ಡಲಾಗಿ ಹೊಸ ರಸ್ತೆ ಬಂದಿದೆ, ಕೆಳಗೆ ಸಿಮೆಂಟ್ ಪೈಪಿನ ಮೋರಿ. ಪೈಪಿನ ಬಾಯಿ ಹಳ್ಳದ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಚಾಚಿಕೊಂಡಿದೆ. ಕೆಳಗಿನ ಗುಂಡಿಯಲ್ಲಿ ಮೀನು ಕಪ್ಪಗೆ ಗುಂಪಾಗಿತ್ತು. ಒಂದೊಂದಾಗಿ ಹಾರುವುದು, ಪೈಪಿನ ಅಂಚಿಗೆ ಬಡಿದು ಬೀಳುವುದು. ಚಿಕ್ಕಪ್ಪನ ಮೊಮ್ಮಗ ಬಕೆಟ್ ಹಿಡಿದು ನಿಂತಿದ್ದ. ಕೂಣಿ ಹೆಣೆಯುವುದು ಅವನಿಗೆ ಗೊತ್ತಿಲ್ಲ. ಬೇಕಾಗಿಯೂ ಇಲ್ಲ, ಕೈಯಲ್ಲೇ ಬಾಚಬಹುದು. ಮರುದಿನ ನಾವಿಬ್ಬರೂ ಎರಡು ಗಂಟೆ ಕಲ್ಲು ಹೊತ್ತು, ಗುಂಡಿಯ ಕೆಳಗಡೆ ಅಡ್ಡಲಾಗಿ ಪೇರಿಸಿದೆವು. ಗುಂಡಿಯ ನೀರು ಏರಿ ಪೈಪಿನ ಬಾಯಿಗೆ ಮುಟ್ಟಿತು. ಆ ರಾತ್ರಿ ಒಂದಷ್ಟು ದಾಟಿದವು. ಮುಂದಿನ ಮಳೆಗೆ ಕಲ್ಲು ಕೊಚ್ಚಿಹೋಯಿತಂತೆ, ಹುಡುಗ ಫೋನ್ ಮಾಡಿದ್ದ.

ಸಭೆ ಮುಗಿದು ಕಾಫಿ ಕುಡಿಯುವಾಗ ಒಬ್ಬರು ಹತ್ತಿರ ಬಂದರು. ರಸ್ತೆ ಕೆಲಸದ ಎಂಜಿನಿಯರ್ ಅಂತ ಹೇಳಿಕೊಂಡರು, ಹೆಸರು ಹೇಳಲಿಲ್ಲ. ‘ಸಾರ್, ಆ ಮೋರಿ ವಿಷಯ. ಪೈಪ್ ಎಷ್ಟು ಕೆಳಗೆ ಕೂರಿಸ್ಬೇಕು?’

ಪೈಪಿನ ವ್ಯಾಸದ ಕಾಲು ಭಾಗ ಹಳ್ಳದ ನೆಲದೊಳಗೆ ಹೂತಿರಲಿ, ಒಳಗೆ ಮರಳು ಜಲ್ಲಿ ತಾನಾಗಿ ಕೂರುತ್ತದೆ ಅಂದೆ. ಆದಷ್ಟೂ ಪೈಪಿನ ಬದಲು ಅಗಲವಾದ ಬಾಕ್ಸ್, ಅಂದರೆ ಚೌಕದ ಕಾಂಕ್ರೀಟ್ ಮೋರಿ, ಹಾಕಿ ಅಂದೆ. ಎಸ್ಟಿಮೇಟ್ ಜಾಸ್ತಿ ಆಗುತ್ತದೆ ಅಂದರು. ಬಾಕ್ಸ್ ಬೇಡ, ಹೂತರೆ? ‘ಅಗೆಯೋದು ಸ್ವಲ್ಪ ಜಾಸ್ತಿ, ಅಷ್ಟೇ’ ಅಂದರು. ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಚಿತ್ರ ಬರೆದು ಕೊಟ್ಟೆ. ನೆಲದ ಗೆರೆ ಯಾವುದು ಅಂತ ಇನ್ನೊಂದು ಸಲ ಕೇಳಿಕೊಂಡು, ಮಡಿಸಿ ಜೇಬಿಗೆ ಹಾಕಿಕೊಂಡರು.